ಜನಸಂಖ್ಯೆಯ ಏರಿಕೆ ಮತ್ತು ಬತ್ತಿದ ಅಂತರ್ಜಲ: ಚಿಕ್ಕಬಳ್ಳಾಪುರ ಸೀಮೆಯ ಒಂದು ಅವಲೋಕನ

ಪ್ರತಿ ವರ್ಷ ಜುಲೈ 11ರಂದು ವಿಶ್ವ ಜನಸಂಖ್ಯಾ ದಿನವನ್ನು ಆಚರಿಸಲಾಗುತ್ತದೆ. 1987ರ ಜುಲೈ 11ರಂದು ಭೂಮಿಯ ಜನಸಂಖ್ಯೆ 500 ಕೋಟಿ ತಲುಪಿತೆಂಬ ಅಂದಾಜೇ ಈ ಆಚರಣೆಯ ಮೂಲ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2022ರ ನವೆಂಬರ್ 15ರಂದು ಆ ಸಂಖ್ಯೆ 800 ಕೋಟಿಯನ್ನು ಮುಟ್ಟಿತು. ಮರುವರ್ಷವೇ ಭಾರತವು ಚೀನಾವನ್ನು ಹಿಂದಿಕ್ಕಿ ಜಗತ್ತಿನ ಅತ್ಯಂತ ಜನಭರಿತ ದೇಶವೆನಿಸಿತು. ಈ ದಿನದ ಭಾಷಣಗಳಲ್ಲಿ, ಶಾಲಾ ಮಕ್ಕಳ ಪ್ರಬಂಧಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಜನ ಹೆಚ್ಚಿದರು, ಕಾಡು ಕರಗಿತು, ನೀರು ಬತ್ತಿತು.

ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ರಾಜಧಾನಿ ಬೆಂಗಳೂರಿನ ಉತ್ತರಕ್ಕೆ ಒಂದೆರಡು ಗಂಟೆಗಳ ಹಾದಿಯಲ್ಲಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳನ್ನು ನೋಡಿದರೆ ಸಾಕು. ಇಲ್ಲಿ ಕೆರೆಗಳು ಬತ್ತಿವೆ, ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗೆ ಇಳಿದಿವೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಸೇರಿದೆ. ಆದರೆ ಇದೇ ಅವಧಿಯಲ್ಲಿ ಇಲ್ಲಿನ ಜನಸಂಖ್ಯೆ ಏರಿದ್ದು ರಾಜ್ಯದ ಸರಾಸರಿಗಿಂತ ತೀರ ನಿಧಾನವಾಗಿ. ಹಾಗಾದರೆ ನೀರು ಎಲ್ಲಿ ಹೋಯಿತು?

ನದಿಗಳು ಹುಟ್ಟುವ, ನದಿಯಿಲ್ಲದ ನಾಡು

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ವಿಸ್ತೀರ್ಣ ಸುಮಾರು 4,244 ಚದರ ಕಿಲೋಮೀಟರ್. ಬೆಟ್ಟಗುಡ್ಡಗಳ ಈ ಸೀಮೆ ಅನೇಕ ನದಿಗಳ ತವರು. ನಂದಿ ಬೆಟ್ಟಗಳ ಸಾಲಿನಿಂದ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನದಿಗಳು ನಾನಾ ದಿಕ್ಕುಗಳಿಗೆ ಹರಿದುಹೋಗುತ್ತವೆ. ಪಾಲಾರ್ ನದಿಯ ಉಗಮವೂ ಚಿಂತಾಮಣಿ ತಾಲ್ಲೂಕಿನ ತಲಗವಾರದ ಬಳಿ ಎಂದು ಗುರುತಿಸಲಾಗಿದೆ. ಅರ್ಕಾವತಿ ಕಾವೇರಿಯನ್ನು ಸೇರಿದರೆ ಉಳಿದವು ಆಂಧ್ರ ಪ್ರದೇಶ ಇಲ್ಲವೇ ತಮಿಳುನಾಡಿನ ಕಡೆಗೆ ಸಾಗುತ್ತವೆ. ಹುಟ್ಟುವ ಸ್ಥಳದಲ್ಲಿ ನದಿಗಳೆಲ್ಲ ಸಣ್ಣ ಹಳ್ಳಗಳೇ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲಿಲ್ಲ.

ವಾರ್ಷಿಕ ಸರಾಸರಿ ಮಳೆ 700ರಿಂದ 750 ಮಿಲಿಮೀಟರ್. ಅದೂ ಕೆಲವೇ ದಿನಗಳಲ್ಲಿ ಸುರಿದುಹೋಗುವ ಮಳೆ. ಇದನ್ನರಿತೇ ಹಿಂದಿನವರು ಇಳಿಜಾರಿನುದ್ದಕ್ಕೂ ಕೆರೆಗಳ ಸರಪಳಿಯನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತಿತ್ತು. ಅವಿಭಜಿತ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಕೆರೆಗಳಿದ್ದವು. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರುಗಂಟಿಗಳಿದ್ದರು. ಬೇಸಿಗೆಯಲ್ಲಿ ರೈತರು ಕೆರೆಯ ಗೋಡನ್ನು ತೆಗೆದು ಹೊಲಕ್ಕೆ ಸಾಗಿಸುತ್ತಿದ್ದುದರಿಂದ ಹೂಳು ತಾನಾಗಿಯೇ ಕಡಿಮೆಯಾಗುತ್ತಿತ್ತು.

ಹಾಗೆಂದು ಹಿಂದಿನ ಕಾಲವೆಲ್ಲ ಸುಭಿಕ್ಷವಾಗಿತ್ತೆಂದು ಭಾವಿಸಬೇಕಾಗಿಲ್ಲ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಮಹಾ ಬರವು ಮೈಸೂರು ಸಂಸ್ಥಾನವನ್ನು ನಡುಗಿಸಿತು. 1871ರ ಗಣತಿಯಲ್ಲಿ 50.55 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.86 ಲಕ್ಷಕ್ಕೆ ಕುಸಿಯಿತು. ಕೋಲಾರದ ಭಾಗವೂ ಆಗ ತೀವ್ರವಾಗಿ ನೊಂದಿತ್ತು. ಜನ ಕಡಿಮೆಯಿದ್ದ ಮಾತ್ರಕ್ಕೆ ಬರದಿಂದ ರಕ್ಷಣೆ ದೊರೆಯದು ಎಂಬುದನ್ನು ಈ ಅಂಕಿಗಳು ತಿಳಿಸುತ್ತವೆ.

ಜನಗಣತಿ ಏನು ಹೇಳುತ್ತದೆ?

2001ರಲ್ಲಿ ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ವ್ಯಾಪ್ತಿಯಲ್ಲಿದ್ದ ಜನಸಂಖ್ಯೆ ಸುಮಾರು 11.49 ಲಕ್ಷ. 2011ರಲ್ಲಿ ಅದು 12.55 ಲಕ್ಷವಾಯಿತು. ಹತ್ತು ವರ್ಷಗಳ ಏರಿಕೆ ಶೇ 9.2ರಷ್ಟು ಮಾತ್ರ. ಇದೇ ದಶಕದಲ್ಲಿ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಬೆಳೆಯಿತು. ಬೆಂಗಳೂರು ನಗರ ಜಿಲ್ಲೆಯದಂತೂ 65.37 ಲಕ್ಷದಿಂದ 96.21 ಲಕ್ಷಕ್ಕೆ, ಅಂದರೆ ಶೇ 47ರಷ್ಟು ಏರಿತು. ಚಿಕ್ಕಬಳ್ಳಾಪುರದಲ್ಲಿ ಚದರ ಕಿಲೋಮೀಟರಿಗೆ ಸುಮಾರು 296 ಮಂದಿ ವಾಸಿಸುತ್ತಿದ್ದರು. ರಾಜ್ಯದ ಸರಾಸರಿ 319.

ಆದರೆ ಜಿಲ್ಲೆಯೊಳಗಿನ ಪಟ್ಟಣಗಳ ಚಿತ್ರ ಬೇರೆ. ಚಿಂತಾಮಣಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಗೌರಿಬಿದನೂರು ಪಟ್ಟಣಗಳ ಒಟ್ಟು ಜನಸಂಖ್ಯೆ 2001ರಲ್ಲಿ ಸುಮಾರು 1.92 ಲಕ್ಷವಿದ್ದದ್ದು 2011ಕ್ಕೆ 2.29 ಲಕ್ಷ ಸಮೀಪಿಸಿತು. ಏರಿಕೆಯ ಪ್ರಮಾಣ ಶೇ 19. ಹಳ್ಳಿಗಳಿಂದ ಒಂದು ಪಾಲು ಜನ ಈ ಪಟ್ಟಣಗಳಿಗೆ, ಇನ್ನೊಂದು ಪಾಲು ನೇರವಾಗಿ ಬೆಂಗಳೂರಿಗೆ ವಲಸೆ ಹೋದದ್ದು ಇದಕ್ಕೆ ಮುಖ್ಯ ಕಾರಣ. ನೀರು ಕೈಕೊಟ್ಟ ಹೊಲಗಳನ್ನು ಬಿಟ್ಟು ಹೊರಟವರೂ ಇವರಲ್ಲಿ ಸೇರಿದ್ದಾರೆ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿರಿಸಿಕೊಂಡು ಮುಂದಿನ ಗಣತಿ ನಡೆಸುವುದಾಗಿ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಆದ್ದರಿಂದ ಇಲ್ಲಿ 2011ರ ಅಂಕಿಗಳನ್ನೇ ಆಧರಿಸಲಾಗಿದೆ.

ಕೆರೆಯಿಂದ ಕೊಳವೆಬಾವಿಗೆ

ಈ ಸೀಮೆಯ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಕಲ್ಲು. ಮೇಲಿನ ಕೆಲವು ಹತ್ತು ಅಡಿಗಳಷ್ಟು ಕಲ್ಲು ಶಿಥಿಲಗೊಂಡು ಸ್ಪಂಜಿನಂತೆ ನೀರನ್ನು ಹಿಡಿದಿಡುತ್ತದೆ. ತೆರೆದ ಬಾವಿಗಳು ತಲುಪುತ್ತಿದ್ದುದು ಈ ಪದರವನ್ನು. ಕಪಿಲೆ ಹೂಡಿ ಎತ್ತುಗಳಿಂದ ನೀರೆತ್ತುವಾಗ ದಿನಕ್ಕೆ ಇಂತಿಷ್ಟೇ ಎಂಬ ಸಹಜ ಮಿತಿಯಿತ್ತು. ಮಳೆಗಾಲದಲ್ಲಿ ಕೆರೆ ತುಂಬಿದರೆ ಕೆಳಗಿನ ಬಾವಿಗಳೂ ತುಂಬುತ್ತಿದ್ದವು.

ವಿದ್ಯುತ್ ಪಂಪ್‌ಸೆಟ್ ಬಂದಾಗ ಈ ಮಿತಿ ಹೋಯಿತು. 1970ರ ದಶಕದ ಬಳಿಕ ಕೊಳವೆಬಾವಿಗಳ ಯುಗ ಆರಂಭವಾಯಿತು. ಶಿಥಿಲ ಪದರದ ನೀರು ಮುಗಿದಂತೆ ಬಾವಿಗಳು ಗಟ್ಟಿ ಕಲ್ಲಿನ ಬಿರುಕುಗಳನ್ನು ಹುಡುಕುತ್ತಾ ಕೆಳಗಿಳಿದವು. ಬಿರುಕುಗಳಲ್ಲಿ ಇರುವ ನೀರು ಅಲ್ಪ. ಅದು ಮರಳಿ ತುಂಬಲು ವರ್ಷಗಳು ಬೇಕು. ನಾನೂರು ಅಡಿ ಸಾಲದೆ ಎಂಟುನೂರು, ಎಂಟುನೂರು ಸಾಲದೆ ಸಾವಿರದ ಇನ್ನೂರು ಅಡಿ ಕೊರೆಯುವ ಪರಿಪಾಠ ಬೆಳೆಯಿತು. 2008ರಿಂದ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತವಾಯಿತು. ರೈತನಿಗೆ ಇದು ಆಸರೆಯಾದದ್ದು ಸತ್ಯ. ನೀರೆತ್ತುವುದಕ್ಕೆ ಇದ್ದ ಕೊನೆಯ ತಡೆಯೂ ಇದರಿಂದ ಇಲ್ಲವಾಯಿತೆಂಬುದೂ ಅಷ್ಟೇ ಸತ್ಯ.

ಕೆರೆಯ ನೀರು ಬೇಡವಾದಾಗ ಕೆರೆಯ ಕಾಳಜಿಯೂ ಕುಂದಿತು. ನೀರುಗಂಟಿಯ ವೃತ್ತಿ ನಿಂತಿತು. ರಾಜಕಾಲುವೆಗಳು ಒತ್ತುವರಿಯಾದವು. ಅಂಗಳದಲ್ಲಿ ಜಾಲಿ ಬೆಳೆಯಿತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಿಂದ ಹೊಲಗಳಲ್ಲೂ ಗೋಮಾಳಗಳಲ್ಲೂ ನೀಲಗಿರಿ ವ್ಯಾಪಿಸಿತು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ, ಆ ಹೊತ್ತಿಗೆ ಈ ಸೀಮೆಯ ಎಷ್ಟೋ ಗುಡ್ಡಗಳ ರೂಪವೇ ಬದಲಾಗಿತ್ತು.

ಕೇಂದ್ರ ಅಂತರ್ಜಲ ಮಂಡಳಿಯು ಮರುಪೂರಣಗೊಳ್ಳುವುದಕ್ಕಿಂತ ಹೆಚ್ಚು ನೀರನ್ನು ಎತ್ತುವ ತಾಲ್ಲೂಕನ್ನು ‘ಅತಿಬಳಕೆ’ಯ ವರ್ಗಕ್ಕೆ ಸೇರಿಸುತ್ತದೆ. ಹಲವು ವರ್ಷಗಳ ಮೌಲ್ಯಮಾಪನಗಳಲ್ಲಿ ಈ ನಾಲ್ಕು ತಾಲ್ಲೂಕುಗಳೂ ಇದೇ ವರ್ಗದಲ್ಲಿ ಕಾಣಿಸಿಕೊಂಡಿವೆ.

ಕುಡಿಯುವುದಕ್ಕೆಷ್ಟು, ಬೆಳೆಗೆಷ್ಟು?

ಇಲ್ಲಿ ಒಂದು ಸರಳ ಲೆಕ್ಕವನ್ನು ಓದುಗರು ಸ್ವತಃ ಮಾಡಿ ನೋಡಬಹುದು. ಜಿಲ್ಲೆಯ 12.55 ಲಕ್ಷ ಜನರಲ್ಲಿ ಪ್ರತಿಯೊಬ್ಬರಿಗೂ ದಿನಕ್ಕೆ 100 ಲೀಟರಿನಂತೆ ನೀರು ಕೊಟ್ಟರೆ ವರ್ಷಕ್ಕೆ ಬೇಕಾಗುವುದು ಸುಮಾರು 1.6 ಟಿಎಂಸಿ ಅಡಿ. ವರ್ಷಕ್ಕೆ 700 ಮಿಲಿಮೀಟರ್ ಮಳೆಯೆಂದು ಹಿಡಿದರೆ ಜಿಲ್ಲೆಯ ನೆಲದ ಮೇಲೆ ಬೀಳುವ ನೀರು ಸುಮಾರು 105 ಟಿಎಂಸಿ ಅಡಿ. ಇದರ ಬಹುಪಾಲು ಆವಿಯಾಗುತ್ತದೆ, ಗಿಡಮರ ಹಾಗೂ ಮಳೆಯಾಶ್ರಿತ ಬೆಳೆಗಳ ಪಾಲಾಗುತ್ತದೆ. ಆದರೂ ಮನೆಬಳಕೆಗೆ ಬೇಕಾದದ್ದು ಬಿದ್ದ ಮಳೆಯ ಶೇ 2ಕ್ಕಿಂತಲೂ ಕಡಿಮೆ.

ಈಗ ಬೆಳೆಯ ಕಡೆ ನೋಡೋಣ. ಒಂದು ಎಕರೆ ತೋಟಕ್ಕೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಎತ್ತರದಷ್ಟು ನೀರು ಹಾಯಿಸಿದರೆ ಅದು 40 ಲಕ್ಷ ಲೀಟರ್. ದಿನಕ್ಕೆ 100 ಲೀಟರಿನ ಲೆಕ್ಕದಲ್ಲಿ ಸುಮಾರು 110 ಜನರ ಒಂದು ವರ್ಷದ ಬಳಕೆಗೆ ಇದು ಸಮ. ಅಂದರೆ ಹೊಸದಾಗಿ ಹತ್ತು ಎಕರೆ ಕೊಳವೆಬಾವಿ ನೀರಾವರಿಗೆ ಒಳಪಟ್ಟರೆ, ಊರಿಗೆ ಸಾವಿರಕ್ಕೂ ಹೆಚ್ಚು ಜನ ಹೊಸದಾಗಿ ಬಂದು ನೆಲೆಸಿದಷ್ಟೇ ಭಾರ ಅಂತರ್ಜಲದ ಮೇಲೆ ಬೀಳುತ್ತದೆ. ಈ ಸೀಮೆಯ ನೀರನ್ನು ಬತ್ತಿಸಿದ್ದು ತೊಟ್ಟಿಲುಗಳ ಸಂಖ್ಯೆಯಲ್ಲ, ಕೊಳವೆಬಾವಿಗಳ ಸಂಖ್ಯೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಇದರ ಹೊಣೆಯನ್ನು ರೈತನ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ಅವನು ಬೆಳೆಯುವ ತರಕಾರಿ, ಹಾಲು, ಹೂವು, ಹಣ್ಣು ಹೋಗುವುದು ಬಹುತೇಕ ಬೆಂಗಳೂರಿಗೆ. ನಗರದ ಜನಸಂಖ್ಯೆ ಏರಿದಂತೆಲ್ಲ ಈ ಬೇಡಿಕೆಯೂ ಏರಿತು. ಜನಸಂಖ್ಯೆಯ ಪರಿಣಾಮ ಇಲ್ಲಿದೆ. ಆದರೆ ಆ ಜನ ಇರುವುದು ಜಿಲ್ಲೆಯ ಗಡಿಯ ಆಚೆ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಒತ್ತಡ

ಚಿಕ್ಕಬಳ್ಳಾಪುರ: ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಇರುವುದು ಈ ತಾಲ್ಲೂಕಿನಲ್ಲೇ. ದ್ರಾಕ್ಷಿ, ಹೂವು, ತರಕಾರಿಗಳಿಗೆ ತಾಲ್ಲೂಕು ಹೆಸರುವಾಸಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆದ್ದಾರಿಯ ಇಕ್ಕೆಲಗಳಲ್ಲಿ ಬಡಾವಣೆಗಳು ತಲೆಯೆತ್ತಿದವು. ನಗರದ ಕಟ್ಟಡಗಳಿಗೆ ಜಲ್ಲಿ ಒದಗಿಸಲು ಬೆಟ್ಟಗಳಲ್ಲಿ ಕಲ್ಲುಗಣಿಗಾರಿಕೆ ಹೆಚ್ಚಿತು. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಕಲ್ಲುಗಣಿಯ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಮೃತಪಟ್ಟ ದುರ್ಘಟನೆ ರಾಜ್ಯದ ಗಮನವನ್ನು ಈ ಕಡೆ ಸೆಳೆಯಿತು. ಬೆಟ್ಟ ಕರಗಿದರೆ ಹಳ್ಳದ ಮೂಲವೂ ಕರಗುತ್ತದೆ.

ಗೌರಿಬಿದನೂರು: ಉತ್ತರ ಪಿನಾಕಿನಿ ಹರಿಯುವ ತಾಲ್ಲೂಕಿದು. 1938ರ ಸ್ವಾತಂತ್ರ್ಯ ಹೋರಾಟದ ಗೋಲಿಬಾರಿಗೆ ಸಾಕ್ಷಿಯಾದ ವಿದುರಾಶ್ವತ್ಥ ಇದೇ ನದಿಯ ದಡದಲ್ಲಿದೆ. ದಶಕಗಳ ಕಾಲ ನದಿಯ ಪಾತ್ರ ಒಣಗಿಯೇ ಇತ್ತು. ಒಣ ನದಿಯಿಂದ ಮರಳು ಸಾಗಾಟ ನಡೆಯಿತು. ನದಿಯ ಮರಳು ನೀರನ್ನು ಹಿಡಿದಿಟ್ಟು ನಿಧಾನವಾಗಿ ನೆಲಕ್ಕೆ ಇಳಿಸುವ ಹಾಸು. ಅದನ್ನು ಬಗೆದು ಒಯ್ದ ಮೇಲೆ ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಮಿಲ್ಲುಗಳು ಹಾಗೂ ತೊಂಡೇಭಾವಿಯ ಸಿಮೆಂಟ್ ಕಾರ್ಖಾನೆಯಂಥ ಉದ್ಯಮಗಳು ತಾಲ್ಲೂಕಿಗೆ ಉದ್ಯೋಗ ತಂದಿವೆ, ಜೊತೆಗೆ ನೀರಿನ ಬೇಡಿಕೆಯನ್ನೂ ತಂದಿವೆ.

ಚಿಂತಾಮಣಿ: ನಾಲ್ಕು ಪಟ್ಟಣಗಳಲ್ಲಿ ಅತಿ ಹೆಚ್ಚು ಜನವಸತಿಯುಳ್ಳದ್ದು ಇದೇ, 2011ರಲ್ಲಿ 76 ಸಾವಿರ. ಟೊಮೆಟೊ, ಮಾವು, ನೆಲಗಡಲೆಯ ವ್ಯಾಪಾರಕ್ಕೆ ಊರು ಪ್ರಸಿದ್ಧ. ಟೊಮೆಟೊ ಬೆಲೆ ಕುಸಿದಾಗ ರೈತರು ಹಣ್ಣನ್ನು ರಸ್ತೆಗೆ ಸುರಿಯುವ ಸುದ್ದಿ ಈ ಸೀಮೆಯಿಂದ ಆಗಾಗ ಬರುತ್ತದೆ. ಹಣ್ಣಿನೊಂದಿಗೆ ಸಾವಿರ ಅಡಿ ಆಳದಿಂದೆತ್ತಿದ ನೀರೂ ರಸ್ತೆಗೆ ಬಿದ್ದಂತಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ.

ಶಿಡ್ಲಘಟ್ಟ: ರೇಷ್ಮೆಯ ಊರು. ಇಲ್ಲಿನ ಗೂಡು ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಹಿಪ್ಪುನೇರಳೆ ತೋಟ, ಹುಳು ಸಾಕಣೆ, ನೂಲು ಬಿಚ್ಚಾಣಿಕೆ ಹೀಗೆ ಒಂದೊಂದು ಹಂತದಲ್ಲೂ ಸಾವಿರಾರು ಕುಟುಂಬಗಳಿಗೆ ಅನ್ನವಿದೆ. ಕಡಿಮೆ ಜಮೀನಿನಲ್ಲಿ ಹೆಚ್ಚು ಕೈಗಳಿಗೆ ಕೆಲಸ ಕೊಡುವ ಕಸುಬು ಇದು. ಆದರೆ ಸೊಪ್ಪು ವರ್ಷವಿಡೀ ಬೇಕಾದ್ದರಿಂದ ನೀರೂ ವರ್ಷವಿಡೀ ಬೇಕು. ಗೂಡು ಬೇಯಿಸಲು ಸೌದೆ ಬೇಕು. ಬೇಯಿಸಿದ ನೀರು ಶುದ್ಧೀಕರಣವಿಲ್ಲದೆ ಚರಂಡಿ ಸೇರಿದರೆ ಕೆರೆ ಕೆಡುತ್ತದೆ.

ಆಳದ ನೀರಿನ ವಿಷ

ನೀರು ಕಡಿಮೆಯಾಗುವುದಷ್ಟೇ ಸಮಸ್ಯೆಯಲ್ಲ. ಕಲ್ಲಿನ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿಗೆ ಕಲ್ಲಿನಲ್ಲಿರುವ ಫ್ಲೋರೈಡ್ ಕರಗಿ ಸೇರುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಮಿತಿ ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡುತ್ತದೆ, ದೊಡ್ಡವರ ಮೂಳೆಗಳು ಪೆಡಸಾಗುತ್ತವೆ. ಒಮ್ಮೆ ಮೂಡಿದ ಈ ಹಾನಿ ವಾಸಿಯಾಗುವಂಥದ್ದಲ್ಲ. ರಾಜ್ಯದ ಪೂರ್ವ ಜಿಲ್ಲೆಗಳ ಆಳದ ಕೊಳವೆಬಾವಿಗಳಲ್ಲಿ ಯುರೇನಿಯಂ ಅಂಶ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಲೀಟರಿಗೆ 30 ಮೈಕ್ರೊಗ್ರಾಂ ಮಿತಿಯನ್ನು ಮೀರಿರುವುದನ್ನೂ ವಿಜ್ಞಾನಿಗಳು ವರದಿ ಮಾಡಿದ್ದಾರೆ.

ಇದಕ್ಕೆ ಪರಿಹಾರವೆಂದು ಹಳ್ಳಿಹಳ್ಳಿಯಲ್ಲೂ ಶುದ್ಧ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಳ್ಳುವುದು ಇಂದು ಊರಿನ ದಿನಚರಿ. ಆದರೆ ಈ ಘಟಕಗಳು ಶುದ್ಧಗೊಳಿಸುವಾಗ ಒಂದು ಪಾಲು ನೀರನ್ನು ತ್ಯಾಜ್ಯವಾಗಿ ಹೊರಬಿಡುತ್ತವೆ. ಘಟಕ ಕೆಟ್ಟು ನಿಂತರೆ ಬಡವರು ಮತ್ತೆ ಅದೇ ಕೊಳವೆಬಾವಿಯ ನೀರನ್ನು ಕುಡಿಯುತ್ತಾರೆ.

ಹೊರಗಿನಿಂದ ಬರುವ ನೀರು

ಬಯಲುಸೀಮೆಗೆ ಶಾಶ್ವತ ನೀರಾವರಿ ಬೇಕೆಂಬ ಹೋರಾಟ ದಶಕಗಳಷ್ಟು ಹಳೆಯದು. ನೀರಾವರಿ ತಜ್ಞ ಪರಮಶಿವಯ್ಯನವರ ವರದಿ ಈ ಹೋರಾಟಕ್ಕೆ ಆಧಾರವಾಗಿತ್ತು. 2014ರ ಮಾರ್ಚ್‌ನಲ್ಲಿ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ನಡೆದದ್ದು ಚಿಕ್ಕಬಳ್ಳಾಪುರದಲ್ಲೇ. ಪಶ್ಚಿಮ ಘಟ್ಟದಿಂದ 24.01 ಟಿಎಂಸಿ ಅಡಿ ನೀರನ್ನು ಎತ್ತಿ ತರುವುದು ಇದರ ಗುರಿ. 2016ರ ಮಾರ್ಚ್‌ನಲ್ಲಿ ಈ ಭಾಗದ ರೈತರು ನೀರಿಗಾಗಿ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿನತ್ತ ಹೊರಟರು. ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾದದ್ದು ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರದ ಸಕಲೇಶಪುರ ತಾಲ್ಲೂಕಿನಲ್ಲಿ. ವೆಚ್ಚದ ಅಂದಾಜು ಆ ವೇಳೆಗೆ 23 ಸಾವಿರ ಕೋಟಿ ರೂಪಾಯಿ ದಾಟಿತ್ತು. ಘಟ್ಟದ ಕಾಡಿಗೆ ಆಗುವ ಹಾನಿಯ ಬಗ್ಗೆ ಕರಾವಳಿ ಹಾಗೂ ಮಲೆನಾಡಿನ ಆಕ್ಷೇಪವೂ ಮುಂದುವರಿದಿದೆ.

ಅದಕ್ಕೂ ಮೊದಲು ಬಂದದ್ದು ಬೆಂಗಳೂರಿನ ಬಳಸಿದ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಮತ್ತು ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳಿಗೆ ತುಂಬಿಸುವ ಉದ್ದೇಶವಿತ್ತು. 2018ರ ಜೂನ್‌ನಲ್ಲಿ ಕೋಲಾರದ ಕಡೆ ನೀರು ಹರಿಯತೊಡಗಿತು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆ ದಿನಕ್ಕೆ 21 ಕೋಟಿ ಲೀಟರ್ ನೀರನ್ನು ಬೆಂಗಳೂರು ಸುತ್ತಿನ ಹಾಗೂ ಚಿಕ್ಕಬಳ್ಳಾಪುರ ಭಾಗದ ಕೆರೆಗಳಿಗೆ ಒದಗಿಸಲು ರೂಪುಗೊಂಡಿತು. ಈ 21 ಕೋಟಿ ಲೀಟರ್ ವರ್ಷಕ್ಕೆ ಸುಮಾರು 2.7 ಟಿಎಂಸಿ ಅಡಿಯಾಗುತ್ತದೆ. ಇಡೀ ಚಿಕ್ಕಬಳ್ಳಾಪುರ ಜಿಲ್ಲೆಯ ಮನೆಬಳಕೆಯ ನೀರಿಗಿಂತ ಹೆಚ್ಚು. ಒಂದು ಮಹಾನಗರದ ಒಂದು ದಿಕ್ಕಿನ ಚರಂಡಿಯಲ್ಲಿ ಒಂದು ಜಿಲ್ಲೆಯ ಬಾಯಾರಿಕೆಗಿಂತ ಹೆಚ್ಚು ನೀರಿದೆ.

ಕೆರೆ ತುಂಬಿದ ಕಡೆ ಬಾವಿಗಳಲ್ಲಿ ನೀರು ಮೇಲೆ ಬಂದದ್ದನ್ನು ರೈತರು ಕಂಡರು. ಆದರೆ ನೀರು ಎರಡು ಹಂತದ ಸಂಸ್ಕರಣೆಯನ್ನಷ್ಟೇ ಪಡೆದಿದೆ, ಮೂರನೆಯ ಹಂತವಿಲ್ಲದೆ ಅಂತರ್ಜಲಕ್ಕೆ ಸೇರಿಸುವುದು ಅಪಾಯಕರ ಎಂಬ ಆಕ್ಷೇಪ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ಗಳ ಮೆಟ್ಟಿಲೇರಿತು. ಶಾಶ್ವತ ನೀರಾವರಿ ಹೋರಾಟ ಸಮಿತಿ ಇಂದಿಗೂ ಒತ್ತಾಯಿಸುತ್ತಿರುವುದು ಈ ಮೂರನೆಯ ಹಂತವನ್ನೇ. ನಗರ ಬೆಳೆದ ಲಾಭವನ್ನು ನಗರವೇ ಪಡೆದಿರುವಾಗ, ಅದರ ಕೊಳೆಯನ್ನು ಪೂರ್ತಿಯಾಗಿ ತೊಳೆದು ಕೊಡಿ ಎನ್ನುವುದು ಅತಿಯಾದ ಬೇಡಿಕೆಯಲ್ಲ.

ಸಂತಾನ ನಿಯಂತ್ರಣವೊಂದೇ ಸಾಕೆ?

ಜನಸಂಖ್ಯಾ ನಿಯಂತ್ರಣದಲ್ಲಿ ಈ ನಾಡು ಹಿಂದೆ ಬಿದ್ದಿಲ್ಲ. ಮೈಸೂರು ಸಂಸ್ಥಾನವು 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳಿಗೆ ಆದೇಶಿಸಿತ್ತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲ ನಿದರ್ಶನಗಳಲ್ಲೊಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮಹಿಳೆಯೊಬ್ಬರು ಹೆರುವ ಮಕ್ಕಳ ಸರಾಸರಿ ಸಂಖ್ಯೆ 1.7. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಮನೆಮನೆಯಲ್ಲಿ ಮಾಡಬೇಕಾದ ಕೆಲಸವನ್ನು ಇಲ್ಲಿನ ತಾಯಂದಿರು ಬಹುಮಟ್ಟಿಗೆ ಮಾಡಿ ಮುಗಿಸಿದ್ದಾರೆ. ಆದರೂ ನೀರು ಮೇಲೇರಲಿಲ್ಲ.

ಉಳಿದಿರುವ ಕೆಲಸ ಸರ್ಕಾರದ್ದು, ನಗರದ್ದು ಮತ್ತು ಊರಿನ ಸಮುದಾಯದ್ದು. ಕರ್ನಾಟಕ ಅಂತರ್ಜಲ ಕಾಯ್ದೆ 2011ರಲ್ಲೇ ಬಂದಿದೆ. ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿಯಿಲ್ಲದೆ ಕೊಳವೆಬಾವಿ ಕೊರೆಯುವಂತಿಲ್ಲ ಎಂಬ ನಿಯಮ ಕಾಗದದಿಂದ ಹೊಲಕ್ಕೆ ಇಳಿಯಬೇಕು. ರಾಜಕಾಲುವೆಗಳ ಒತ್ತುವರಿ ತೆರವಾಗದೆ ಕೆರೆಯ ಹೂಳೆತ್ತುವುದರಿಂದ ಪ್ರಯೋಜನವಿಲ್ಲ. ಹನಿ ನೀರಾವರಿಯಿಂದ ಉಳಿದ ನೀರು ಮತ್ತೊಂದು ಎಕರೆಗೆ ಹರಿದರೆ ಅದು ಉಳಿತಾಯವಾಗುವುದಿಲ್ಲ. ಊರಿನ ಒಟ್ಟು ಬಳಕೆಗೆ ಮಿತಿ ಹಾಕಿಕೊಂಡಾಗಲೇ ಅದಕ್ಕೆ ಅರ್ಥ. ರಾಗಿ, ಅವರೆ, ತೊಗರಿಯಂಥ ಮಳೆಯಾಶ್ರಿತ ಬೆಳೆಗಳಿಗೆ ನ್ಯಾಯವಾದ ಬೆಲೆ ಸಿಕ್ಕರೆ ರೈತನು ಸಾವಿರ ಅಡಿಯ ಜೂಜಿಗೆ ಸಾಲ ಮಾಡಬೇಕಾಗುವುದಿಲ್ಲ.

2021 ಮತ್ತು 2022ರಲ್ಲಿ ಸುರಿದ ಭಾರೀ ಮಳೆ ಒಂದು ಪಾಠವನ್ನು ಕಲಿಸಿತು. ಎಷ್ಟೋ ವರ್ಷಗಳ ಬಳಿಕ ಉತ್ತರ ಪಿನಾಕಿನಿ ಮೈದುಂಬಿ ಹರಿಯಿತು. ಚಿಕ್ಕಬಳ್ಳಾಪುರಕ್ಕೂ ದೊಡ್ಡಬಳ್ಳಾಪುರಕ್ಕೂ ಕುಡಿಯುವ ನೀರೊದಗಿಸುವ ಜಕ್ಕಲಮಡಗು ಜಲಾಶಯ ಕೋಡಿ ಹರಿಯಿತು. ಜನ ತಂಡೋಪತಂಡವಾಗಿ ಬಂದು ಕೋಡಿಯ ನೀರನ್ನು ಕಣ್ತುಂಬಿಕೊಂಡರು. ಆದರೆ ಕಾಲುವೆ ಮುಚ್ಚಿದ್ದ ಕಡೆ ಅದೇ ನೀರು ಹೊಲಗಳಿಗೆ, ಮನೆಗಳಿಗೆ ನುಗ್ಗಿತು. ಒಳ್ಳೆಯ ಮಳೆ ಇನ್ನೊಮ್ಮೆ ಬರುತ್ತದೆ. ಆ ಹೊತ್ತಿಗೆ ಕಾಲುವೆಗಳು ತೆರೆದಿದ್ದು ಕೆರೆಗಳು ಸಿದ್ಧವಾಗಿದ್ದರೆ, 12 ಲಕ್ಷ ಜನಕ್ಕೆ ಮಾತ್ರವಲ್ಲ, ಇನ್ನೂ ಕೆಲವು ಲಕ್ಷ ಜನಕ್ಕೂ ಈ ನೆಲದ ನೀರು ಸಾಕಾದೀತು.